ತಮ್ಮಾ, ಕರಿ ಗಾಜೋ, ಆಟೋ ಹೆಲ್ಮೆಟ್ಟೋ?

ವೆಲ್ಡಿಂಗ್ ಕಲಿತು ಸ್ವಂತ ಶಾಪ್ ಹಾಕಲು ಹೊರಟ ಹುಡುಗರಿಗೆ ನಮ್ಮ ಕಡೆ ಕೊರತೆಯಿಲ್ಲ. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರದ ಹೊಲಗಳಿಗೆ ಹರಿದ ಮೇಲೆ ಜೋಳ, ತೊಗರಿಯ ನಾಡಿಗೆ ಭತ್ತ ಬಂತು. ಭತ್ತದ ಬೆನ್ನಿಗೆ ಟ್ರ್ಯಾಕ್ಟರ್, ಟ್ರ್ಯಾಕ್ಟರಿನ ಬೆನ್ನಿಗೆ ಕೆಸರಿನಲ್ಲಿ ತಿರುಗಿ ಬೆಸುಗೆ ಬಿಡುವ ಕೇಜ್ ವ್ಹೀಲ್. 2009ರ ಕೊನೆಗೆ ಯಾದಗಿರಿ ಜಿಲ್ಲೆಯಾಯಿತು. ಊರು ಬೆಳೆದಂತೆ ಗ್ರಿಲ್, ಗೇಟು, ಶಟರ್ ಕೆಲಸವೂ ಬೆಳೆಯಿತು. ಕಡೇಚೂರಿನ ರೈಲ್ವೆ ಬೋಗಿ ಕಾರ್ಖಾನೆಯ ಮೇಲೆ ಕಣ್ಣಿಟ್ಟು ಐಟಿಐ ಸೇರಿದವರೂ ಇದ್ದಾರೆ. ಇವರೆಲ್ಲ ಮಷಿನ್ ಕೊಳ್ಳುವಾಗ ಹತ್ತು ಜನರನ್ನು ಕೇಳುತ್ತಾರೆ, ಹೋಲ್ಡರ್, ಕೇಬಲ್ ಎಲ್ಲ ಚೌಕಾಸಿ ಮಾಡುತ್ತಾರೆ. ಕಣ್ಣಿಗೆ ಹಿಡಿಯುವ ಗಾಜಿನ ಮಾತು ಬಂದಾಗ ಮಾತ್ರ ಅಂಗಡಿಯವನು ಕೊಟ್ಟದ್ದೇ ಪ್ರಸಾದ.

ಅಪರೂಪಕ್ಕೆ ಒಬ್ಬ ಕೇಳುತ್ತಾನೆ: “ಕಾಕಾ, ಆಟೋ ಹೆಲ್ಮೆಟ್ ತಗೊಳ್ಳಲೋ, ಕರಿ ಗಾಜೇ ಸಾಕೋ?”

ನಾನು ತಿರುಗಿ ಕೇಳುವುದು ಒಂದೇ. ದಿನಕ್ಕೆ ಎಷ್ಟು ಸಲ ಆರ್ಕ್ ಹೊಡೆಯುತ್ತೀ? ಉದ್ದ ಬೆಸುಗೆ ಎಳೆಯುವ ಕೆಲಸವೋ, ಟ್ಯಾಕ್ ಮೇಲೆ ಟ್ಯಾಕ್ ಹೊಡೆಯುವ ಕೆಲಸವೋ? ಇದಕ್ಕೆ ಉತ್ತರ ಸಿಕ್ಕಿತೆಂದರೆ ಗಾಜಿನ ಪ್ರಶ್ನೆ ಮುಕ್ಕಾಲು ಪಾಲು ಬಗೆಹರಿದಂತೆ.

ಯಾಕೆಂದು ಹೇಳುತ್ತೇನೆ. ಕರಿ ಗಾಜಿನ ಮೂಲೆಯಲ್ಲಿ 10, 11, 12 ಎಂದು ನಂಬರ್ ಇರುತ್ತದೆ. 11ನೇ ನಂಬರಿನ ಗಾಜು ಒಂದು ಲಕ್ಷ ಪಾಲು ಬೆಳಕಿನಲ್ಲಿ ಸುಮಾರು 5 ಪಾಲನ್ನಷ್ಟೇ ಒಳಗೆ ಬಿಡುತ್ತದೆ. 10 ಆದರೆ ಸುಮಾರು 14, 12 ಆದರೆ 2. ಆರ್ಕ್ ಹೊತ್ತಿದಾಗ ಇದು ಸರಿ. ಹೊತ್ತುವ ಮುಂಚೆ ಏನೇನೂ ಕಾಣುವುದಿಲ್ಲ. ಹಾಗಾಗಿ ಗಾಜು ಎತ್ತಿ, ರಾಡಿನ ತುದಿಯನ್ನು ಜಾಗಕ್ಕೆ ತಂದು, ಗಾಜು ಇಳಿಸಿ ಹೊಡೆಯಬೇಕು. ಇಳಿಸುವಷ್ಟರಲ್ಲಿ ಕೈ ಅಲುಗುತ್ತದೆ, ತುದಿ ಅರ್ಧ ಇಂಚು ಸರಿಯುತ್ತದೆ. ಒಂದು ಕಿಟಕಿ ಗ್ರಿಲ್ಲಿನಲ್ಲಿ ಎಷ್ಟು ಟ್ಯಾಕ್ ಬೀಳುತ್ತವೆ ಲೆಕ್ಕ ಹಾಕು. ನಾಲ್ಕಾರು ಟ್ಯಾಕ್ ಆಗುವಷ್ಟರಲ್ಲಿ ಹುಡುಗನಿಗೆ ಬೇಸರ ಬರುತ್ತದೆ. ಗಾಜನ್ನು ಪಕ್ಕಕ್ಕಿಟ್ಟು, ಮುಖ ಆ ಕಡೆ ತಿರುಗಿಸಿ, ಕಣ್ಣು ಮುಚ್ಚಿ ಚಟ್ಟನೆ ಹೊಡೆಯುತ್ತಾನೆ. ನಮ್ಮ ಕಡೆಯ ಯಾವ ಶಾಪಿಗಾದರೂ ಹೋಗಿ ಕಾಲು ಗಂಟೆ ನಿಂತರೆ ಈ ದೃಶ್ಯ ಸಿಗುತ್ತದೆ. ಅಷ್ಟೂ ಹೊತ್ತು ಕರಿ ಗಾಜು ಬೆಂಚಿನ ಮೇಲೆ ತಣ್ಣಗೆ ಮಲಗಿರುತ್ತದೆ.

ಅದರ ಫಲ ಆಗಲೇ ಗೊತ್ತಾಗುವುದಿಲ್ಲ. ಮೋಸ ಇರುವುದೇ ಅಲ್ಲಿ. ಊಟ ಮಾಡಿ ಮಲಗಿದ ಮೇಲೆ, ಆರೆಂಟು ತಾಸು ಕಳೆದು, “ಕಣ್ಣಾಗ ಉಸುಕು ಹಾಕಿದಂಗ ಆಗ್ಯದ” ಎಂದು ಎದ್ದು ಕೂರುತ್ತಾರೆ. ಆರ್ಕಿನ ನೇರಳಾತೀತ ಕಿರಣ ಕಣ್ಣಿನ ಮೇಲ್ಪೊರೆಯನ್ನು ಸುಟ್ಟಿರುತ್ತದೆ. ಆಲೂಗಡ್ಡೆ ಹೋಳು, ಎದೆಹಾಲು, ಗುಲಾಬಿ ನೀರು ಎಂದು ಮನೆಯವರೆಲ್ಲ ಓಡಾಡುತ್ತಾರೆ. ಕಣ್ಣೊಳಗೆ ಏನನ್ನೂ ಹಾಕಬೇಡ, ಉಜ್ಜಬೇಡ. ಮುಚ್ಚಿದ ರೆಪ್ಪೆಯ ಮೇಲೆ ತಣ್ಣೀರ ಬಟ್ಟೆ ಇಟ್ಟುಕೊಂಡು ಡಾಕ್ಟರ ಹತ್ತಿರ ಹೋಗು. ಉರಿ ಸತ್ತುಹೋಗಲೆಂದು ಮರಗಟ್ಟಿಸುವ ಡ್ರಾಪ್ಸ್ ತಂದು ಮನೆಯಲ್ಲಿ ಹಾಕಿಕೊಳ್ಳುವವರಿದ್ದಾರೆ. ಅದರಿಂದ ಗಾಯ ಮಾಯುವುದು ತಡವಾಗುತ್ತದೆ. ಸಾಮಾನ್ಯವಾಗಿ ಒಂದೆರಡು ದಿನಕ್ಕೆ ವಾಸಿಯಾಗುತ್ತದೆ ನಿಜ. ವಾಸಿಯಾಯಿತಲ್ಲ ಎಂದೇ ಮತ್ತೆ ಮತ್ತೆ ಹೊಡೆಸಿಕೊಳ್ಳುತ್ತಾರೆ. ವೆಲ್ಡಿಂಗಿನ ಈ ಕಿರಣವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2017ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವಂಥವುಗಳ ಪಟ್ಟಿಗೇ ಸೇರಿಸಿದೆ.

ಇನ್ನು ಆಟೋ. ಸ್ವೀಡನ್ನಿನ ಹೋರ್ನೆಲ್ ಕಂಪನಿ 1981ರಲ್ಲಿ ಸ್ಪೀಡ್‌ಗ್ಲಾಸ್ ಹೆಸರಿನಲ್ಲಿ ತಂದ ವಸ್ತು. ನಮ್ಮ ಕಡೆಗೆ ಬರಲು ಬಹಳ ವರ್ಷ ಹಿಡಿಯಿತು. ಅದರ ಗಾಜಿನಲ್ಲಿ ಲಿಕ್ವಿಡ್ ಕ್ರಿಸ್ಟಲ್ ಪದರ ಇರುತ್ತದೆ. ಮುಂದಿನ ಸೆನ್ಸರ್ ಆರ್ಕ್ ಕಂಡ ಕೂಡಲೇ ಗಾಜು ಕಪ್ಪಾಗುತ್ತದೆ. ಒಳ್ಳೆಯದರಲ್ಲಿ ಇದು ಸೆಕೆಂಡಿನ ಇಪ್ಪತ್ತೈದು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು. “ಕಪ್ಪಾಗುವ ಮೊದಲೇ ಕಿರಣ ಹೊಡೆದರೆ?” ಎಂಬುದು ಎಲ್ಲರ ಹೆದರಿಕೆ. ಸರಿಯಾದ ಆಟೋ ಗಾಜು ಬ್ಯಾಟರಿ ಸತ್ತು ಬೆಳ್ಳಗೆ ನಿಂತಿದ್ದಾಗಲೂ ನೇರಳಾತೀತ, ಅವಗೆಂಪು ಎರಡನ್ನೂ ತಡೆಯುತ್ತದೆ. ಅದಕ್ಕೆ ಬೇರೆಯೇ ಫಿಲ್ಟರ್ ಸದಾ ಇರುತ್ತದೆ. ಕಪ್ಪಾಗದಿದ್ದರೆ ಬೆಳಕು ಕಣ್ಣಿಗೆ ಕುಕ್ಕುತ್ತದೆ. ಕೆಲಸ ನಿಲ್ಲಿಸಿ ನೋಡಬೇಕು. ಆದರೆ ರಾತ್ರಿ ಉರಿಸುವ ಕಿರಣ ಒಳಗೆ ಬಂದಿರುವುದಿಲ್ಲ.

ಹಾಗಾಗಿ ಗ್ರಿಲ್, ಗೇಟು, ಕಿಟಕಿ, ತೆಳು ಪೈಪಿನ ಕೆಲಸ ಮಾಡುವವನಿಗೆ ನಾನು ಅನುಮಾನವಿಲ್ಲದೆ ಆಟೋ ಎನ್ನುತ್ತೇನೆ. ತುದಿ ಕಾಣುತ್ತದೆ, ಟ್ಯಾಕ್ ಜಾಗಕ್ಕೇ ಬೀಳುತ್ತದೆ, ಎರಡೂ ಕೈ ಖಾಲಿ. ಗಾಜು ತೆಗೆದಿಡಬೇಕೆನ್ನುವ ಆಸೆಯೇ ಹುಟ್ಟುವುದಿಲ್ಲ. ಹೊಸದಾಗಿ ಕಲಿಯುವವನಿಗೂ ಇದೇ ಸರಿ. “ಕರಿ ಗಾಜಿನಲ್ಲಿ ಕಲಿತರೇ ಕೈ ಪಳಗೋದು” ಎನ್ನುವ ನನ್ನ ವಾರಿಗೆಯ ಮಿಸ್ತ್ರಿಗಳ ಮಾತನ್ನು ನಾನು ಒಪ್ಪುವುದಿಲ್ಲ. ಅವರ ಕೈ ಪಳಗುವಷ್ಟರಲ್ಲಿ ಕಣ್ಣು ಎಷ್ಟು ರಾತ್ರಿ ಉರಿಯಿತು ಎಂದು ಅವರ ಹೆಂಡಂದಿರನ್ನು ಕೇಳಬೇಕು.

ಹಾಗೆಂದು ಕರಿ ಗಾಜನ್ನು ಗುಜರಿಗೆ ಹಾಕಬೇಡ. ನಮ್ಮ ಬಿಸಿಲನ್ನು ಲೆಕ್ಕಕ್ಕೆ ತಗೋ. ಏಪ್ರಿಲ್-ಮೇನಲ್ಲಿ 42, 43 ಡಿಗ್ರಿ. ಕೆಂಭಾವಿ ಕಡೆಯ ಹೊಲದಲ್ಲಿ ಟ್ರಾಲಿಯ ಕೊಂಡಿ ಮುರಿದಿದೆ ಎಂದು ಕರೆ ಬರುತ್ತದೆ. ನೆರಳಿಲ್ಲದ ಜಾಗ. ಆಟೋದ ಸೆನ್ಸರ್ ಸೂರ್ಯನನ್ನೇ ಆರ್ಕ್ ಎಂದುಕೊಂಡು ಗಾಜನ್ನು ಕಪ್ಪು ಮಾಡುತ್ತದೆ. ಸೆನ್ಸಿಟಿವಿಟಿ ಬಿರಡೆ ಇಳಿಸಿದರೆ ಸುಮ್ಮನಾಗುತ್ತದೆ, ಆದರೆ ಕಡಿಮೆ ಆಂಪಿಯರಿನ ಆರ್ಕನ್ನೂ ಕಾಣದೆ ಹೋಗಬಹುದು. ಇಂಥ ಗಾಜುಗಳು ಸಾಮಾನ್ಯವಾಗಿ 55 ಡಿಗ್ರಿಯವರೆಗಿನ ಬಳಕೆಗೆ ಮಾಡಿದವು. ಮುಚ್ಚಿದ ಗಾಡಿಯ ಡ್ಯಾಶ್‌ಬೋರ್ಡ್ ಮೇಲೋ ತಗಡಿನ ಮೇಲೋ ಮಧ್ಯಾಹ್ನ ಇಟ್ಟರೆ ಅದಕ್ಕಿಂತ ಹೆಚ್ಚು ಕಾಯುತ್ತದೆ. ಕರಿ ಗಾಜಿಗೆ ಇದಾವುದರ ಹಂಗಿಲ್ಲ. ಬಿದ್ದರೆ ಒಡೆಯುತ್ತದೆ, ಚಹಾ-ನಾಷ್ಟಾದ ದುಡ್ಡಿಗೆ ಇನ್ನೊಂದು ಬರುತ್ತದೆ. 8 ಗೇಜ್ ರಾಡಿನಲ್ಲಿ ದಪ್ಪ ಚಾಸಿಗೆ ಉದ್ದ ಬೆಸುಗೆ ಎಳೆಯುವವನು ಗಾಜು ಇಳಿಸುವುದು ಒಂದು ರಾಡಿಗೆ ಒಂದೇ ಸಲ. ಅವನಿಗೆ ಆಟೋದಿಂದ ಹೆಚ್ಚೇನೂ ಲಾಭವಿಲ್ಲ. ಹೊಲದ ಕೆಲಸಕ್ಕೆ ಹೋಗುವಾಗ ಚೀಲದಲ್ಲಿ ಕರಿ ಗಾಜಿನ ಹ್ಯಾಂಡ್ ಸ್ಕ್ರೀನ್ ಇರಲಿ.

ಟ್ರಾಲಿಯ ಅಡಿಗೆ ಮಲಗಿ ಮಾಡುವ ಕೆಲಸದಲ್ಲೂ ಆಟೋ ಕೈಕೊಡುವುದುಂಟು. ಸೆನ್ಸರಿಗೂ ಆರ್ಕಿಗೂ ನಡುವೆ ಒಂದು ಪೈಪು ಅಡ್ಡ ಬಂದರೆ ಸಾಕು, ಗಾಜು ಬೆಳ್ಳಗೇ ಉಳಿಯುತ್ತದೆ. ಎರಡು ಸೆನ್ಸರಿನದಕ್ಕಿಂತ ನಾಲ್ಕು ಸೆನ್ಸರಿನದು ಮೇಲು ಎನ್ನುವುದು ಇದಕ್ಕೇ. ಗಾಜಿನ ಮೇಲೆ 1/1/1/2 ಎಂದೇನೋ ಬರೆದಿರುತ್ತದಲ್ಲ, ಅದರ ನಾಲ್ಕನೇ ಅಂಕಿಯನ್ನು ನೋಡು. ಓರೆಯಾಗಿ ನೋಡಿದಾಗ ಗಾಜಿನ ಕಪ್ಪು ಎಷ್ಟು ಸಮನಾಗಿರುತ್ತದೆ ಎಂಬುದನ್ನು ಅದು ಹೇಳುತ್ತದೆ. 1 ಉತ್ತಮ, 3 ಸಾಧಾರಣ. ಮಲಗಿ, ಕತ್ತು ತಿರುಚಿ ಕೆಲಸ ಮಾಡುವವನಿಗೆ ಈ ಅಂಕಿ ಮುಖ್ಯ.

ಕೊಳ್ಳುವಾಗಿನ ಮಾತು ಇನ್ನೊಂದಿಷ್ಟು. ಸಾವಿರ, ಒಂದೂವರೆ ಸಾವಿರದಿಂದ ಆಟೋ ಸಿಗುತ್ತದೆ. ಇಎನ್ 379 ಎಂಬ ಗುರುತು ಗಾಜಿನ ಮೇಲೇ ಇರಬೇಕು, ಡಬ್ಬಿಯ ಮೇಲಿದ್ದರೆ ಸಾಲದು; ಕರಿ ಗಾಜಾದರೆ ಐಎಸ್ 1179 ಅಥವಾ ಇಎನ್ 169. ಗುರುತಿಲ್ಲದ ಅಗ್ಗದ ಆಟೋಗಿಂತ ಗುರುತಿರುವ ಕರಿ ಗಾಜು ಸಾವಿರ ಪಾಲು ವಾಸಿ. ಮುಖಕ್ಕೆ ಹಾಕಿಕೊಳ್ಳದೆ ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದು ಬಿಸಿಲಿಗೆ ಒಡ್ಡು. ಗಾಜು ಕಪ್ಪಾಗದಿದ್ದರೆ ಅಲ್ಲೇ ವಾಪಸ್ ಕೊಡು. ಬ್ಯಾಟರಿ ಬದಲಿಸಲು ಬರುವುದನ್ನೇ ತಗೋ. ಮನೆಗೆ ತಂದ ಮೇಲೆ ಮುಂದಿನ ಪ್ಲಾಸ್ಟಿಕ್ ಹಾಳೆಯ ಎರಡೂ ಬದಿಯ ಸಿಪ್ಪೆ ಸುಲಿ. ಅದನ್ನು ಸುಲಿಯದೆ “ಮಬ್ಬಾಗಿ ಕಾಣತದ” ಎಂದು ದೂರುವವರು ಬಹಳ. ಆ ಹಾಳೆಯಿಲ್ಲದೆ ಒಂದು ಟ್ಯಾಕ್ ಕೂಡ ಹೊಡೆಯಬೇಡ. ಕಿಡಿ ನೇರ ಗಾಜಿಗೆ ಅಂಟಿದರೆ ಸಾವಿರ ರೂಪಾಯಿ ಹೋಯಿತು. ನಲವತ್ತು ದಾಟಿದವರಿಗೆ ಒಳಗಡೆ ಚಾಳೀಸಿನ ಗಾಜು ಕೂರಿಸುವ ಖಾಲಿ ಜಾಗ ಕೆಲವದರಲ್ಲಿ ಇರುತ್ತದೆ, ನನ್ನಂಥವರಿಗೆ ಅದೇ ಆಸರೆ.

ನಂಬರನ್ನು ಮಷಿನ್ ನೋಡಿ ಇಟ್ಟುಕೋ. ತೆಳು ಪೈಪಿಗೆ 12 ಗೇಜ್ ರಾಡ್, 60-80 ಆಂಪಿಯರ್ ಇದ್ದರೆ 9 ಅಥವಾ 10. 10 ಗೇಜಿಗೆ 100ರ ಆಸುಪಾಸಿನಲ್ಲಿ 10 ಅಥವಾ 11. 8 ಗೇಜಿಗೆ 11, ಆಂಪಿಯರ್ 175 ದಾಟಿದರೆ 12. ಮೊದಲು ಹೆಚ್ಚು ಕಪ್ಪಿನಿಂದ ಶುರು ಮಾಡಿ, ಕರಗಿದ ಲೋಹದ ಅಂಚು ಕಾಣುವವರೆಗೆ ಒಂದೊಂದೇ ನಂಬರ್ ಇಳಿಸು. ಗ್ಯಾಸ್ ಕಟಿಂಗಿಗೆ ಆಟೋವನ್ನು ನೆಚ್ಚಬೇಡ. ಗ್ಯಾಸಿನ ಜ್ವಾಲೆಗೆ ಹೆಚ್ಚಿನ ಆಟೋ ಗಾಜುಗಳು ಕಪ್ಪಾಗುವುದೇ ಇಲ್ಲ, ಅದಕ್ಕೆ 5ನೇ ನಂಬರಿನ ಬೇರೆ ಕನ್ನಡಕ ಬೇಕು. ಗ್ರೈಂಡಿಂಗ್ ಎಂದು ಇನ್ನೊಂದು ಬಟನ್ ಇರುತ್ತದೆ. ಗ್ರೈಂಡ್ ಮಾಡಿ ಅದನ್ನು ಹಿಂದಕ್ಕೆ ತಿರುಗಿಸದೆ ಆರ್ಕ್ ಹೊಡೆದರೆ ಗಾಜು ಬೆಳ್ಳಗೇ ಇರುತ್ತದೆ. ರಾಡ್ ಕಚ್ಚುವ ಮುಂಚೆ ಬಟನ್ ಮುಟ್ಟಿ ನೋಡುವುದು ಅಭ್ಯಾಸವಾಗಲಿ.

ನನ್ನ ತೀರ್ಮಾನ ಇಷ್ಟು: ಶಾಪಿನೊಳಗೆ ಆಟೋ, ಬಯಲಿನಲ್ಲಿ ಮತ್ತು ದಪ್ಪ ರಾಡಿಗೆ ಕರಿ ಗಾಜು. ಒಂದನ್ನೇ ಕೊಳ್ಳುವ ಶಕ್ತಿಯಿದ್ದರೆ ನಿನ್ನ ಕೆಲಸದಲ್ಲಿ ಹೆಚ್ಚು ಪಾಲು ಯಾವುದೋ ಅದಕ್ಕೆ ತಕ್ಕದ್ದು.

ಆದರೆ ನೀನು ಎಷ್ಟೇ ಒಳ್ಳೆಯ ಹೆಲ್ಮೆಟ್ ಹಾಕಿದರೂ ಗೇಟಿನ ಆ ತುದಿ ಹಿಡಿದು ನಿಂತ ಹೆಲ್ಪರ್ ಹುಡುಗನ ಕಣ್ಣಿಗೆ ಅದರಿಂದ ಯಾವ ರಕ್ಷಣೆಯೂ ಸಿಗದು. ಅವನು ಕೂಲಿಂಗ್ ಗ್ಲಾಸ್ ಹಾಕಿ ನಿಂತಿರುತ್ತಾನೆ, ಅದರ ಪಕ್ಕದ ಸಂದೆಲ್ಲ ತೆರೆದೇ ಇರುತ್ತದೆ. ಶಾಲೆ ಬಿಟ್ಟ ಮಕ್ಕಳು ನೀಲಿ ಬೆಳಕು ನೋಡಲು ಬಾಗಿಲಲ್ಲಿ ಸಾಲುಗಟ್ಟುತ್ತಾರೆ. ರಸ್ತೆಯ ಕಡೆಗೆ ಒಂದು ತಾಡಪತ್ರಿ ಕಟ್ಟು. ನಿನಗೆ ಯಾವ ಗಾಜನ್ನಾದರೂ ತಗೋ ತಮ್ಮಾ, ಅದೇ ಬಿಲ್ಲಿನಲ್ಲಿ ಹೆಲ್ಪರ್‌ಗೂ ಒಂದು ಹ್ಯಾಂಡ್ ಸ್ಕ್ರೀನ್ ಬರೆಸು.