ರೀರೈಸ್ ಮಾಡಿದವರಿಗೆ ಏನು ಉತ್ತರ?

ತುಮಕೂರು ಕಡೆ ಇಸ್ಪೀಟು ಹಿಡಿದವರು ಮೊದಲು ರಮ್ಮಿ ಕಲಿಯುತ್ತಾರೆ, ಆಮೇಲೆ ಮೂರೆಲೆ. ಮೂರೆಲೆಯಲ್ಲಿ ಇಬ್ಬರೇ ಉಳಿದಾಗ ದುಡ್ಡು ಕಟ್ಟಿ ಶೋ ಕೇಳಿದರೆ ಅಲ್ಲಿಗೆ ಆಟ ಮುಗಿಯಿತು, ಎದುರಿಗಿನವರ ಎಲೆ ಕಣ್ಣಿಗೆ ಬೀಳುತ್ತದೆ. ನೋ-ಲಿಮಿಟ್ ಹೋಲ್ಡೆಮ್ ಪೋಕರಿಗೆ ಬಂದಮೇಲೂ ಈ ಆಸೆ ಬಿಡುವುದಿಲ್ಲ. ಕೈಯಲ್ಲಿ ಎರಡೇ ಎಲೆ, ನಡುವೆ ಇನ್ನೂ ಒಂದು ಎಲೆಯೂ ಬಿಚ್ಚಿಲ್ಲ. ನಾವು ರೈಸ್ ಮಾಡಿದ್ದೇವೆ, ಇನ್ನೊಬ್ಬರು ಅದರ ಮೇಲೆ ಮೂರು ಪಟ್ಟು ರೀರೈಸ್ ಮಾಡುತ್ತಾರೆ. 'ಏನಿದೆ ನೋಡೇ ಬಿಡೋಣ' ಎಂದು ಕಾಲ್ ಮಾಡುತ್ತೇವೆ. ಆದರೆ ಇಲ್ಲಿ ಕಾಲ್ ಮಾಡಿದರೆ ಶೋ ಸಿಗುವುದಿಲ್ಲ. ಫ್ಲಾಪ್, ಟರ್ನ್, ರಿವರ್ ಎಂದು ಇನ್ನೂ ಮೂರು ಸುತ್ತು ಬಾಕಿ ಇರುತ್ತವೆ, ಒಂದೊಂದು ಸುತ್ತಿನಲ್ಲೂ ಬೆಲೆ ಏರಬಹುದು. ನಮ್ಮ ಗುಂಪಿನಲ್ಲಿ ಚಿಪ್ಸ್ ಅತಿ ಹೆಚ್ಚು ಕರಗಿದ್ದು ಕೆಟ್ಟ ಎಲೆಯಿಂದಲ್ಲ, ಈ ಕುತೂಹಲದ ಕಾಲ್‌ನಿಂದ.

ಗುಂಪು ತುಮಕೂರಿನದು. ಗುಬ್ಬಿಯಿಂದ ಒಬ್ಬ ಹಿರಿಯರು, ಕುಣಿಗಲ್‌ನಿಂದ ಒಬ್ಬ ಹುಡುಗ ಬಂದು ಸೇರುತ್ತಾರೆ. ಪ್ಲಾಸ್ಟಿಕ್ ಚಿಪ್ಸ್ ಬಿಟ್ಟರೆ ಮೇಜಿನ ಮೇಲೆ ಒಂದು ರೂಪಾಯಿಯೂ ಇರುವುದಿಲ್ಲ. ಈ ಇಬ್ಬರ ರೀರೈಸ್‌ಗೆ ಉತ್ತರ ಹುಡುಕುತ್ತಲೇ ನನಗೆ ಈ ಆಟ ಅರ್ಥವಾಗಿದ್ದು.

ಒಂದು ಕೈ ತೆಗೆದುಕೊಳ್ಳಿ. ಬ್ಲೈಂಡ್, ಅಂದರೆ ಎಲೆ ನೋಡುವ ಮೊದಲೇ ಇಬ್ಬರು ಹಾಕಲೇಬೇಕಾದ ಚಿಪ್ಸ್, 1 ಮತ್ತು 2. ನನ್ನ ಬಳಿ ಗುಲಾಮರ ಜೋಡಿ, ಮುಂಚಿನ ಸೀಟಿನಿಂದ 6ಕ್ಕೆ ರೈಸ್ ಮಾಡಿದ್ದೇನೆ. ಬಟನ್‌ನಲ್ಲಿ, ಅಂದರೆ ಫ್ಲಾಪ್‌ನಿಂದ ಮುಂದೆ ಎಲ್ಲರಿಗಿಂತ ಕೊನೆಗೆ ಆಡುವ ಸೀಟಿನಲ್ಲಿ, ಕೂತವರು 20ಕ್ಕೆ ರೀರೈಸ್ ಮಾಡಿದರು, ಉಳಿದವರು ಪ್ಯಾಕ್. ಪಾಟ್‌ನಲ್ಲಿ 29 ಇದೆ, ನಾನು ಇನ್ನು 14 ಹಾಕಬೇಕು. 43ರಲ್ಲಿ 14 ಎಂದರೆ ನೂರರಲ್ಲಿ ಸುಮಾರು 33 ಸಲ ಗೆದ್ದರೆ ಕಾಲ್ ಗಿಟ್ಟುತ್ತದೆ. ಲೆಕ್ಕ ಇಷ್ಟೇ ಆಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ.

ಬಟನ್‌ನಲ್ಲಿ ಗುಬ್ಬಿಯವರು ಇದ್ದಾರೆ ಎನ್ನಿ. ಅವರು ರೀರೈಸ್ ಮಾಡುವುದು ಎಕ್ಕದ ಜೋಡಿ, ರಾಜರ ಜೋಡಿ, ರಾಣಿಯರ ಜೋಡಿ, ಇಲ್ಲವೆ ಎಕ್ಕ-ರಾಜ ಇದ್ದಾಗ ಮಾತ್ರ. ಎರಡೆಲೆಯ ಕೈಗಳು ಒಟ್ಟು 1,326 ಬಗೆ. ಅದರಲ್ಲಿ ಒಂದೊಂದು ಜೋಡಿಗೆ 6 ಬಗೆ, ಎಕ್ಕ-ರಾಜಕ್ಕೆ 16 ಬಗೆ. ಅಲ್ಲಿಗೆ ಅವರ ಕೈಯಲ್ಲಿರಬಹುದಾದದ್ದು 34 ಬಗೆ. ಅವುಗಳ ಎದುರು ಗುಲಾಮರ ಜೋಡಿ ಗೆಲ್ಲುವುದು ನೂರರಲ್ಲಿ ಸುಮಾರು 36 ಸಲ. ಬೇಕಾದದ್ದು 33, ಇರುವುದು 36, ಕಾಲ್ ಮಾಡಬಹುದಲ್ಲ ಎನ್ನಿಸುತ್ತದೆ. ಆದರೆ ಆ 36 ಐದೂ ಎಲೆ ಬಿಚ್ಚುವವರೆಗೆ ಪುಕ್ಕಟೆ ಕೂರಲು ಬಿಟ್ಟರೆ ಸಿಗುವ ಸಂಖ್ಯೆ. ಫ್ಲಾಪ್‌ನಲ್ಲಿ ಎಕ್ಕ, ರಾಜ, ರಾಣಿಯಲ್ಲಿ ಒಂದಾದರೂ ಬೀಳುವ ಸಂಭವ ಶೇ. 57. ಬಿದ್ದಾಗ ಮೊದಲು ಬಾಯಿ ಬಿಡಬೇಕಾದವನು ನಾನು, ಅವರು ನನ್ನ ಹಿಂದೆ ನೋಡಿಕೊಂಡು ಕೂತಿರುತ್ತಾರೆ. ಅವರು ದೊಡ್ಡದಾಗಿ ಕಟ್ಟಿದರೆ, ಗೆಲ್ಲಬೇಕಿದ್ದ ಕೈಯನ್ನೂ ಎಷ್ಟೋ ಸಲ ಬಿಟ್ಟೇಳಬೇಕಾಗುತ್ತದೆ. ಅದಕ್ಕೇ ಗುಬ್ಬಿಯವರ ರೀರೈಸ್‌ಗೆ ಗುಲಾಮರ ಜೋಡಿಯನ್ನು ನಾನು ಬೇಸರವಿಲ್ಲದೆ ಪ್ಯಾಕ್ ಮಾಡುತ್ತೇನೆ. ಅಷ್ಟು ಚಂದದ ಎಲೆ ಬಿಡುವುದೇ ಎಂದು ಪಕ್ಕದವರು ಹಲುಬುತ್ತಾರೆ. ಬಿಡಬೇಕು.

ಅದೇ ಸೀಟಿನಲ್ಲಿ ಕುಣಿಗಲ್ ಹುಡುಗ ಇದ್ದರೆ? ಅವನು ಏಳರ ಜೋಡಿಗೂ, ಎಕ್ಕ-ಹತ್ತಕ್ಕೂ, ರಾಜ-ರಾಣಿಗೂ ರೀರೈಸ್ ಹೊಡೆಯುತ್ತಾನೆ. ಹೊಡೆದು "ಯಾಕಣ್ಣಾ, ಬರಲ್ವಾ?" ಅಂತ ಕೆಣಕುತ್ತಾನೆ. ಆ ಮಾತಿಗೆ ಬೆಲೆ ಕೊಡಬಾರದು, ಎಕ್ಕದ ಜೋಡಿ ಇದ್ದಾಗಲೂ ಇಲ್ಲದಾಗಲೂ ಅವನು ಅದನ್ನೇ ಹೇಳುತ್ತಾನೆ. ಅವನ ಕೈಗಳ ಎದುರು ಗುಲಾಮರ ಜೋಡಿ ಅರ್ಧಕ್ಕಿಂತ ಹೆಚ್ಚು ಸಲ ಗೆಲ್ಲುತ್ತದೆ. ಇಲ್ಲಿ ಪ್ಯಾಕ್ ಮಾಡುವುದೇ ನಷ್ಟ. ಅವನ ಕಡೆಯಿಂದ ನೋಡಿದರೂ ಲೆಕ್ಕ ಸ್ಪಷ್ಟ: 9 ಚಿಪ್ಸ್ ಗೆಲ್ಲಲು ಅವನು 20 ಒಡ್ಡುತ್ತಿದ್ದಾನೆ. ನೂರರಲ್ಲಿ 69ಕ್ಕಿಂತ ಹೆಚ್ಚು ಸಲ ಎಲ್ಲರೂ ಬಿಟ್ಟರೆ, ಕೈಯಲ್ಲಿ ಏನಿದ್ದರೂ ಅವನಿಗೆ ಲಾಭ. ನಾನು ಹೆದರಿ ಬಿಡುತ್ತಾ ಹೋದರೆ ಅವನಿಗೆ ಒಳ್ಳೆಯ ಎಲೆಯೇ ಬೇಕಾಗುವುದಿಲ್ಲ.

ನನ್ನ ಎಲೆ, ಸೀಟು, ಬೆಲೆ ಯಾವುದೂ ಬದಲಾಗಿಲ್ಲ. ಆದರೂ ಉತ್ತರ ಎರಡು. ರೀರೈಸ್ ಬಂದಾಗ ಜನ ತಮ್ಮ ಎರಡೆಲೆಯನ್ನೇ ಮತ್ತೆ ಮತ್ತೆ ಎತ್ತಿ ನೋಡುತ್ತಾರೆ. ಅದರಲ್ಲಿ ಹೊಸದೇನೂ ಇರುವುದಿಲ್ಲ.

ಸಣ್ಣ ಜೋಡಿಯ ವಿಷಯ ಬೇರೆ. ನಾಲ್ಕರ ಜೋಡಿ ಹಿಡಿದವರು ಮೂರನೆಯ ನಾಲ್ಕು ಬೀಳಲೆಂದು ಕಾಲ್ ಮಾಡುತ್ತಾರೆ. ಅದು ಫ್ಲಾಪ್‌ನಲ್ಲಿ ಬೀಳುವುದು ಎಂಟೂವರೆ ಸಲಕ್ಕೆ ಒಮ್ಮೆ. ಇಬ್ಬರ ಹತ್ತಿರವೂ ಕಾಲ್‌ನ ಹದಿನೈದು ಪಟ್ಟಾದರೂ ಚಿಪ್ಸ್ ಉಳಿದಿರದಿದ್ದರೆ ಆ ಕಾಯುವಿಕೆ ಗಿಟ್ಟುವುದಿಲ್ಲ. ರೀರೈಸ್ ಮೇಲೆ ನಾವೇ ಇನ್ನೊಮ್ಮೆ ಏರಿಸಿ ನಾಲ್ಕನೆಯ ಬೆಟ್ ಹಾಕುವುದಾದರೆ, ಬರೀ ದೊಡ್ಡ ಜೋಡಿಗೆ ಹಾಕಿದರೆ ನಮ್ಮನ್ನೂ ಓದಿಬಿಡುತ್ತಾರೆ. ಕುಣಿಗಲ್ ಹುಡುಗನಂಥವರ ಎದುರು ಒಂದೇ ಬಣ್ಣದ ಎಕ್ಕ-ಐದನ್ನು ಅಪರೂಪಕ್ಕೆ ಬಳಸುತ್ತೇನೆ. ನನ್ನ ಹತ್ತಿರ ಒಂದು ಎಕ್ಕ ಇದ್ದರೆ ಅವನಿಗೆ ಎಕ್ಕದ ಜೋಡಿ ಬರುವ ಬಗೆ 6ರಿಂದ 3ಕ್ಕೆ ಇಳಿಯುತ್ತದೆ. ಗುಬ್ಬಿಯವರ ಎದುರು ಈ ಆಟ ದಂಡ.

ಬೇರೆ ಬೇರೆ ಜನರ ರೀರೈಸ್‌ಗೆ ಬೇರೆ ಬೇರೆ ಅರ್ಥವಿರುವಂತೆ ಬೇರೆ ಬೇರೆ ಕಾಲಕ್ಕೂ ಇರುತ್ತದೆ. ನಮ್ಮ ಮೇಜಿನಲ್ಲಿ ಇದು ಕಂಡದ್ದು ಕಾನೂನು ಬದಲಾದ ಮೇಲೆ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ದೇಶಕ್ಕೆಲ್ಲ ಅನ್ವಯಿಸುವ ಕಾನೂನನ್ನೇ ತಂದ ಮೇಲೆ ಹಣದ ಪೋಕರ್ ಆ್ಯಪ್‌ಗಳು ನಿಂತವು. ಆ್ಯಪ್‌ನಲ್ಲಿ ಸಾಲ ಮಾಡಿ ಮುಳುಗಿದ ಮನೆಗಳನ್ನು ನಮ್ಮ ಊರಿನಲ್ಲೇ ಕಂಡವನು ನಾನು. ನಿಂತದ್ದು ಒಳ್ಳೆಯದಾಯಿತು ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಆಟದ ಲೆಕ್ಕ ಕಲಿಯಲು ದುಡ್ಡು ಬೇಕಿಲ್ಲ.

ಆ್ಯಪ್ ಬಿಟ್ಟು ನಮ್ಮ ಮೇಜಿಗೆ ಬಂದವರ ಆಟ ಮಾತ್ರ ಹದ ತಪ್ಪಿತು. ಚಿಪ್ಸ್ ಹೋದರೆ ಮತ್ತೆ ಹಂಚಿಕೊಳ್ಳಬಹುದು ಎಂದಾದಾಗ ಎಲ್ಲರೂ ಎಲ್ಲದಕ್ಕೂ ರೀರೈಸ್ ಮಾಡತೊಡಗಿದರು. ಆ ದಿನಗಳಲ್ಲಿ ಹತ್ತರ ಜೋಡಿಯನ್ನು ಬಿಡುವುದೂ ತಪ್ಪಾಗಿತ್ತು. ಕೊನೆಗೆ ಎಲ್ಲರೂ ಕೂಡಿ ನಿಯಮ ಮಾಡಿಕೊಂಡೆವು: ರಾತ್ರಿಗೆ ಒಬ್ಬರಿಗೆ 200 ಚಿಪ್ಸ್, ಮುಗಿದರೆ ಎದ್ದು ಎಲೆ ಹಂಚಲು ಕೂರಬೇಕು. ಎದ್ದು ಕೂರುವುದು ಯಾರಿಗೂ ಬೇಡವಾದ್ದರಿಂದ ಚಿಪ್ಸ್‌ಗೆ ತೂಕ ಬಂತು, ರೀರೈಸ್‌ಗೂ ಬಂತು.

ಯಾರು ಯಾವ ಸೀಟಿನಿಂದ, ಏನು ಹಿಡಿದು ರೀರೈಸ್ ಮಾಡಿದರು ಎಂದು ಎಲೆ ತೋರಿಸಿದಾಗಲೆಲ್ಲ ನಾನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ. ಗುಬ್ಬಿಯವರ ಪುಟ ಹಾಗೇ ಇದೆ. ಕುಣಿಗಲ್ ಹುಡುಗನ ಪುಟ ಹೊಸ ನಿಯಮ ಬಂದಮೇಲೆ ಕೆಲಸಕ್ಕೆ ಬರುತ್ತಿಲ್ಲ. ಈಚೆಗೆ ಅವನು ಏಳರ ಜೋಡಿಯನ್ನು ಬಿಡುತ್ತಿದ್ದಾನೆ, ಬಟನ್‌ನಲ್ಲಿದ್ದಾಗ ಮಾತ್ರ ಹೊಡೆಯುತ್ತಾನೆ. ಹಳೆಯದನ್ನು ಹೊಡೆದುಹಾಕಿ ಅವನಿಗೊಂದು ಹೊಸ ಪುಟ ತೆಗೆದಿದ್ದೇನೆ.