ಕಲ್ಲು ಇಳಿಸಿ, ಬೋಲ್ಟ್ ಹಾಕಿಸಿ

ಅಕ್ಕಾರೇ, ಹೋದ ಬೇಸಿಗೆಯ ಬಿರುಗಾಳಿಗೆ ಪಡಸಾಲೆಯ ಪತ್ರಾ ಹಾರಿಹೋಯಿತು, ಈ ಸಲ ಇನ್ನಷ್ಟು ಕಲ್ಲು ಹೇರಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಗಾಳಿ ಅಂಚಿನ ಕೆಳಗೆ ನುಗ್ಗಿ ಪತ್ರಾವನ್ನು ಮೇಲಕ್ಕೆ ಎತ್ತುತ್ತದೆ. ಆಗ ಆ ಕಲ್ಲುಗಳೇ ಕೆಳಗೆ ಮಲಗಿದ ಮಕ್ಕಳ ಮೇಲೆ ಬೀಳುತ್ತವೆ.

ಪತ್ರಾವನ್ನು ಕಬ್ಬಿಣದ ಪೈಪಿಗೆ ಜೆ ಬೋಲ್ಟಿನಿಂದ ಬಿಗಿಸಿ, ರಬ್ಬರ್ ವಾಷರ್ ಮರೆಯಬೇಡಿ. ಅಂಚಿನಲ್ಲಿ, ಮೂಲೆಗಳಲ್ಲಿ ಬೋಲ್ಟ್ ಒತ್ತೊತ್ತಾಗಿರಲಿ. ಪತ್ರಾ ಮೊದಲು ಏಳುವುದು ಅಲ್ಲಿಂದಲೇ. ಪೈಪು ಬರೀ ಗೋಡೆಯ ಮೇಲೆ ಕೂತಿದ್ದರೆ ಇಡೀ ಚೌಕಟ್ಟೇ ಕಿತ್ತು ಹೋಗುತ್ತದೆ. ಅದರ ತುದಿಯನ್ನು ಕಾಂಕ್ರೀಟಿನಲ್ಲಿ ಹುಗಿಸಿ. ಯುಗಾದಿಯೊಳಗೆ ಈ ಕೆಲಸ ಮುಗಿಯಲಿ, ಏಪ್ರಿಲ್-ಮೇ ಸಂಜೆಗಳ ಗಾಳಿ ನಮಗೆ ಹೊಸದಲ್ಲ.

ಸಮುದ್ರದ ಗಾಳಿಮಳೆ ಕರಾವಳಿಯವರ ಪಾಡು ಎಂದುಕೊಳ್ಳಲೂ ಆಗದು. 2020ರ ಅಕ್ಟೋಬರ್‌ನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಕಾಕಿನಾಡದ ಬಳಿ ದಡ ಹತ್ತಿ, ತೆಲಂಗಾಣ ದಾಟಿ ನಮ್ಮ ಕಲಬುರಗಿ ಜಿಲ್ಲೆಯ ಮೇಲೂ ಸುರಿಯಿತು. ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಊರುಗಳಿಗೆ ನೀರು ನುಗ್ಗಿತು.

ಅನಾಹುತವಾದರೆ ಮೊದಲು ಮೇನ್ ಸ್ವಿಚ್ ಆರಿಸಿ, ಹರಿದ ತಂತಿ ಮುಟ್ಟಬೇಡಿ. ಬಿದ್ದದ್ದನ್ನು ಎತ್ತುವ ಮುಂಚೆ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ ಪಂಚನಾಮೆ ಮಾಡಿಸಿ, ಆಳಂದ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮನೆಯ ಹಿಂಬದಿಯ ಮಣ್ಣಿನ ಗೋಡೆ ನೆನೆದಿದ್ದರೆ, ಬಿಸಿಲು ಬಿತ್ತೆಂದು ಧೈರ್ಯ ಮಾಡಬೇಡಿ. ಒಣಗುವಾಗಲೂ ಅದು ಬಿರಿದು ಕುಸಿಯಬಹುದು. ಗೋಡೆಯನ್ನು ಗೌಂಡಿ ನೋಡಿ ಹೇಳುವವರೆಗೆ ಅದರ ಪಕ್ಕ ಮಲಗುವ ನಿಮ್ಮ ಅತ್ತೆಯವರ ಹಾಸಿಗೆ ಬೇರೆ ಕೋಣೆಯಲ್ಲಿರಲಿ.