ಮನೆಯ ಅಟ್ಟ, ಕಪಾಟು: ಇಡುವುದೆಷ್ಟು, ಬಿಡುವುದೆಷ್ಟು?

ಹಿಂದಿನ ದೊಡ್ಡ ಮನೆಗಳಲ್ಲಿ ಅಟ್ಟ, ಉಗ್ರಾಣ, ಕಣಜ ಎಂದು ಪ್ರತಿಯೊಂದು ವಸ್ತುವಿಗೂ ತನ್ನದೇ ಆದ ಜಾಗವಿತ್ತು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯಂತಹ ನಗರಗಳಲ್ಲಿ ಒಂದೆರಡು ಕೋಣೆಗಳ ಮನೆಯಲ್ಲಿ ವಾಸಿಸುವ ಕುಟುಂಬಗಳಿಗೆ ಈ ಅನುಕೂಲವಿಲ್ಲ. ಅಡುಗೆಮನೆಯ ಮೇಲಿನ ಕಿರಿದಾದ ಅಟ್ಟ, ಮಂಚದ ಕೆಳಗಿನ ಪೆಟ್ಟಿಗೆ, ಎರಡು ಕಪಾಟು, ಒಂದು ಬಾಲ್ಕನಿ ಇವೇ ಅವರ ಉಗ್ರಾಣ. ಊರಿನಿಂದ ತಂದ ಅಕ್ಕಿ, ಮದುವೆಯಲ್ಲಿ ಬಂದ ಪಾತ್ರೆ, ಕೆಟ್ಟುಹೋದ ಮಿಕ್ಸರ್, ಹಳೆಯ ಪುಸ್ತಕ, ಉಳಿದ ಮಾತ್ರೆ ಎಲ್ಲವೂ ‘ಎಂದಾದರೂ ಬೇಕಾದೀತು’ ಎಂಬ ಭಾವನೆಯಿಂದ ಅಲ್ಲಿಯೇ ಸೇರುತ್ತವೆ.

ಇದು ಕೇವಲ ಅಂದಚೆಂದದ ಪ್ರಶ್ನೆಯಲ್ಲ. ಏನಿದೆ, ಎಲ್ಲಿದೆ ಎಂಬುದು ಮನೆಯವರಿಗೇ ತಿಳಿಯದಿದ್ದರೆ ಆ ವಸ್ತು ಇದ್ದೂ ಇಲ್ಲದಂತೆ. ಕೆಲವು ವಸ್ತುಗಳಂತೂ ಮರೆತ ಜಾಗದಲ್ಲಿ ಉಳಿದು ಮನೆಯವರ ಆರೋಗ್ಯಕ್ಕೆ, ಪ್ರಾಣಕ್ಕೆ ಅಪಾಯ ತರುತ್ತವೆ. ಆದ್ದರಿಂದ ಸಂಗ್ರಹಣೆಯ ಜಾಗವನ್ನು ಆಗಾಗ ಪರಿಶೀಲಿಸುವುದು ಮನೆಯ ಸುರಕ್ಷತೆಯ ಒಂದು ಭಾಗವೇ ಆಗಿದೆ.

ವಿಂಗಡಣೆಯ ಕ್ರಮ

ಇಡೀ ಮನೆಯನ್ನು ಒಂದೇ ದಿನ ತೆರೆದು ಹರಡಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಒಂದು ಸಲಕ್ಕೆ ಒಂದು ಕಪಾಟನ್ನು ಮಾತ್ರ ಆರಿಸಿಕೊಳ್ಳಬೇಕು. ಅದರಲ್ಲಿರುವುದನ್ನೆಲ್ಲ ಹೊರತೆಗೆದು ನಾಲ್ಕು ಭಾಗ ಮಾಡಬೇಕು: ಬಳಸುವಂಥವು, ಇತರರಿಗೆ ಕೊಡಬಹುದಾದವು, ದುರಸ್ತಿಗೆ ಯೋಗ್ಯವಾದವು, ವಿಲೇವಾರಿ ಮಾಡಬೇಕಾದವು. ದುರಸ್ತಿಗೆಂದು ತೆಗೆದಿಟ್ಟದ್ದು ಒಂದು ತಿಂಗಳಲ್ಲಿ ದುರಸ್ತಿಯಾಗದಿದ್ದರೆ ಅದನ್ನು ನಾಲ್ಕನೆಯ ಭಾಗಕ್ಕೆ ಸೇರಿಸುವುದು ಲೇಸು.

ಮರಳಿ ಇಡುವಾಗ ದಿನನಿತ್ಯದ ವಸ್ತುಗಳು ಕೈಗೆಟುಕುವ ಎತ್ತರದಲ್ಲಿಯೂ, ಭಾರವಾದವು ಕೆಳಗೂ, ಹಗುರವಾದವು ಅಟ್ಟದ ಮೇಲೂ ಇರಲಿ. ಪೆಟ್ಟಿಗೆಯ ಹೊರಗೆ ಒಳಗಿರುವ ವಸ್ತುಗಳ ಹೆಸರನ್ನೂ ಇಟ್ಟ ದಿನಾಂಕವನ್ನೂ ಬರೆಯಬೇಕು. ಮುಂಬಯಿ, ಪುಣೆಗಳಲ್ಲಿ ಜೂನ್ ಮಳೆಗೆ ಮುಂಚೆ, ಚೆನ್ನೈಯಲ್ಲಿ ಅಕ್ಟೋಬರ್ ಮಳೆಗೆ ಮುಂಚೆ, ದೆಹಲಿಯಲ್ಲಿ ಚಳಿಗಾಲದ ರಜಾಯಿಗಳನ್ನು ಒಳಗಿಡುವಾಗ ಈ ಕೆಲಸ ಮಾಡುವುದು ಸೂಕ್ತ.

ಔಷಧಿ ಮತ್ತು ವಿಷ ಪದಾರ್ಥಗಳು

ಮೊದಲು ನೋಡಬೇಕಾದುದು ಔಷಧಿಯ ಡಬ್ಬಿಯನ್ನು. ಅವಧಿ ಮುಗಿಯುವ ತಿಂಗಳು ಮತ್ತು ವರ್ಷ ಮಾತ್ರ ಮುದ್ರಿತವಾಗಿದ್ದರೆ, ಆ ತಿಂಗಳ ಕೊನೆಯ ದಿನದವರೆಗೆ ಔಷಧಿಯನ್ನು ಬಳಸಬಹುದೆಂದು ಅರ್ಥ. ಬಳಿಕ ಅದನ್ನು ಇಟ್ಟುಕೊಳ್ಳಬಾರದು. ಹಿಂದಿನ ಕಾಯಿಲೆಗೆ ತಂದು ಉಳಿದ ಆಂಟಿಬಯಾಟಿಕ್ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಮತ್ತೆ ನುಂಗುವುದು ಹಾನಿಕರ. ರೋಗಾಣುಗಳು ಆ ಔಷಧಿಗೆ ಬಗ್ಗದಂತಾಗುತ್ತವೆ. ಔಷಧಿಗಳನ್ನು ಒಲೆಯ ಬಳಿ ಅಥವಾ ಬಚ್ಚಲುಮನೆಯಲ್ಲಿ ಇಡದೆ, ತಂಪಾದ, ಒಣಗಿದ, ಮಕ್ಕಳಿಗೆ ಎಟುಕದ ಜಾಗದಲ್ಲಿ ಇಡಬೇಕು.

ಫಿನಾಯಿಲ್, ಆ್ಯಸಿಡ್, ಸೀಮೆಎಣ್ಣೆ ಮುಂತಾದವನ್ನು ತಂಪುಪಾನೀಯದ ಹಳೆಯ ಸೀಸೆಗಳಲ್ಲಿ ತುಂಬಿಡುವ ರೂಢಿ ಅತ್ಯಂತ ಅಪಾಯಕರ. ಬಾಯಾರಿದ ಮಗು ಸೀಸೆಯ ಆಕಾರವನ್ನು ನೋಡುತ್ತದೆಯೇ ಹೊರತು ಒಳಗಿನ ದ್ರವವನ್ನಲ್ಲ. ಇವನ್ನು ಮೂಲ ಸೀಸೆಯಲ್ಲಿಯೇ, ಬೀಗವಿರುವ ಜಾಗದಲ್ಲಿ ಇಡಬೇಕು. ಅಕಸ್ಮಾತ್ತಾಗಿ ಯಾರಾದರೂ ಕುಡಿದರೆ ಬಲವಂತವಾಗಿ ವಾಂತಿ ಮಾಡಿಸದೆ, ಸೀಸೆಯೊಡನೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಬ್ಲೀಚಿಂಗ್ ಪುಡಿ ಮತ್ತು ಆ್ಯಸಿಡ್ ಒಂದಕ್ಕೊಂದು ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಇವೆರಡನ್ನು ಅಕ್ಕಪಕ್ಕದಲ್ಲಿ ಇಡಬಾರದು. ಬಟ್ಟೆಗಳ ನಡುವೆ ಇಡುವ ನುಸಿಗುಳಿಗೆಯೂ ವಿಷವೇ. ಪೆಪ್ಪರಮಿಂಟೆಂದು ಮಕ್ಕಳು ಅದನ್ನು ಬಾಯಿಗಿಡುವ ಸಂಭವವಿದೆ.

ಧಾನ್ಯಗಳು

ವರ್ಷಕ್ಕಾಗುವಷ್ಟು ಅಕ್ಕಿ, ಬೇಳೆ ತುಂಬಿಡುವ ಪದ್ಧತಿ ದೊಡ್ಡ ಮನೆಗಳಿಗೆ ಹೊಂದುತ್ತಿತ್ತು. ಕರಾವಳಿ ನಗರಗಳ ತೇವದ ಹವೆಯಲ್ಲಿ, ಚಿಕ್ಕ ಮನೆಯಲ್ಲಿ, ಒಂದೆರಡು ತಿಂಗಳಿಗೆ ಸಾಕಾಗುವಷ್ಟು ಇಟ್ಟರೆ ಸಾಕು. ಡಬ್ಬಿಯಲ್ಲಿ ಹಳೆಯ ಧಾನ್ಯ ಮುಗಿದ ಮೇಲೆ ಅದನ್ನು ತೊಳೆದು, ಬಿಸಿಲಿನಲ್ಲಿ ಒಣಗಿಸಿ ಹೊಸದನ್ನು ತುಂಬಬೇಕು. ಹಳೆಯದರ ಮೇಲೆ ಹೊಸದನ್ನು ಸುರಿದರೆ ಹುಳು ಅದಕ್ಕೂ ಹಬ್ಬುತ್ತದೆ.

ಹುಳು ಬಾರದಿರಲೆಂದು ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಗಳನ್ನು ಮನೆಯೊಳಗೆ ಎಂದಿಗೂ ಬಳಸಬಾರದು. ತೇವ ತಗುಲಿದೊಡನೆ ಅವು ಫಾಸ್ಫೀನ್ ಎಂಬ ಮಾರಕ ಅನಿಲವನ್ನು ಬಿಡುತ್ತವೆ. ಮುಚ್ಚಿದ ಕೋಣೆಯಲ್ಲಿ ಮಲಗಿದವರು ಏಳದೆಯೇ ಹೋಗಬಹುದು.

ನೀರು ಮತ್ತು ಗುಜರಿ

ಡೆಂಗೆ ಹರಡುವ ಈಡಿಸ್ ಸೊಳ್ಳೆ ಕೊಳಚೆಗಿಂತ ಹೆಚ್ಚಾಗಿ ಮನೆಯ ಸುತ್ತಲಿನ ಶುದ್ಧ ನೀರಿನಲ್ಲಿ ಬೆಳೆಯುತ್ತದೆ. ಬಾಲ್ಕನಿಯ ಒಡೆದ ಬಕೆಟ್, ಹಳೆಯ ಟೈರು, ಹೂಕುಂಡದ ತಟ್ಟೆ, ದೆಹಲಿಯ ಮನೆಗಳ ಕೂಲರ್, ನೀರಿನ ಅಭಾವಕ್ಕೆಂದು ತುಂಬಿಟ್ಟ ಪೀಪಾಯಿ ಇವು ಅದರ ತವರು. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಮೊಟ್ಟೆಗಳು ನೀರಿಲ್ಲದೆ ಹಲವು ತಿಂಗಳು ಬದುಕಬಲ್ಲವು. ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿದರಷ್ಟೇ ಸಾಲದು, ಪಾತ್ರೆಯ ಒಳಬದಿಯನ್ನು ಉಜ್ಜಿ ತೊಳೆಯಬೇಕು. ತುಂಬಿಟ್ಟ ನೀರನ್ನು ಬಿಗಿಯಾಗಿ ಮುಚ್ಚಬೇಕು. ಬೇಡದ ಗುಜರಿಯನ್ನು ಮಳೆಗೆ ಮುಂಚೆ ಸಾಗಿಸಬೇಕು.

ಅನಿಲ ಮತ್ತು ಮೆಟ್ಟಿಲು

ಅಡುಗೆ ಅನಿಲ ಗಾಳಿಗಿಂತ ಭಾರವಾದುದರಿಂದ ಸೋರಿದಾಗ ನೆಲಮಟ್ಟದಲ್ಲಿ ನಿಲ್ಲುತ್ತದೆ. ಸಿಲಿಂಡರನ್ನು ಗಾಳಿಯಾಡದ ಕಪಾಟಿನಲ್ಲಿ ಬಂಧಿಸದೆ ನೆಟ್ಟಗೆ ನಿಲ್ಲಿಸಬೇಕು; ಅದರ ಬಳಿ ಕಾಗದ, ಸೀಮೆಎಣ್ಣೆ ಇಡಬಾರದು. ಅನಿಲ ಸೋರಿಕೆಗೆ ತುರ್ತು ದೂರವಾಣಿ ಸಂಖ್ಯೆ 1906.

ಮನೆಯಲ್ಲಿ ಜಾಗವಿಲ್ಲವೆಂದು ಕಟ್ಟಡದ ಮೆಟ್ಟಿಲು, ಓಣಿಗಳಲ್ಲಿ ಸಾಮಾನು ಇಡುವುದು ಎಲ್ಲರಿಗೂ ಅಪಾಯ. ಬೆಂಕಿ ಹತ್ತಿದಾಗ ಲಿಫ್ಟ್ ಬಳಸುವಂತಿಲ್ಲ; ಮೆಟ್ಟಿಲೊಂದೇ ದಾರಿ. ಹೊಗೆಯ ಕತ್ತಲಲ್ಲಿ ಒಂದು ಹಳೆಯ ಕಪಾಟು ಇಡೀ ಕಟ್ಟಡದವರ ದಾರಿಯನ್ನು ತಡೆಯಬಲ್ಲದು.

ಕಾಗದಪತ್ರಗಳು

ಬ್ಯಾಂಕಿನ ಪುಸ್ತಕ, ವಿಮಾ ಪಾಲಿಸಿ, ಮನೆಯ ಪತ್ರ, ಜನನ ಪ್ರಮಾಣಪತ್ರಗಳನ್ನು ರದ್ದಿಯಿಂದ ಬೇರ್ಪಡಿಸಿ, ತೇವ ತಗುಲದ ಒಂದೇ ಚೀಲದಲ್ಲಿ ಇಡಬೇಕು. ಅವುಗಳ ಪಟ್ಟಿ ಮನೆಯ ಇಬ್ಬರಿಗಾದರೂ ತಿಳಿದಿರಬೇಕು. ಯಜಮಾನನು ತೀರಿಕೊಂಡ ಮೇಲೆ ಠೇವಣಿ ಇದ್ದುದೇ ಮನೆಯವರಿಗೆ ತಿಳಿಯದೆ ಹೋಗುವುದುಂಟು. ಹತ್ತು ವರ್ಷ ಯಾರೂ ಕೇಳದ ಬ್ಯಾಂಕ್ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ವರ್ಗಾವಣೆಯಾಗುತ್ತದೆ. ಆದರೆ ಹಕ್ಕುದಾರರು ಅನಂತರವೂ ತಮ್ಮ ಬ್ಯಾಂಕಿನಿಂದ ಹಣ ಪಡೆಯಬಹುದು. ಇಂತಹ ಠೇವಣಿ ಹುಡುಕಲು ರಿಸರ್ವ್ ಬ್ಯಾಂಕು 2023ರಲ್ಲಿ ‘ಉದ್ಗಮ್’ ಜಾಲತಾಣವನ್ನು ಆರಂಭಿಸಿತು.

ವಿಲೇವಾರಿ

ಒಳ್ಳೆಯ ಬಟ್ಟೆ, ಪುಸ್ತಕ, ಪಾತ್ರೆಗಳು ಅಗತ್ಯವಿರುವವರ ಕೈ ಸೇರಲಿ. ಅವಧಿ ಮುಗಿದ ಔಷಧಿ, ಬಣ್ಣದ ಡಬ್ಬಿ, ಬ್ಯಾಟರಿಗಳನ್ನು ಹಸಿ ಕಸದೊಡನೆ ಬೆರೆಸದೆ ಪ್ರತ್ಯೇಕವಾಗಿ ಕೊಡಬೇಕು. ಹಳೆಯ ದೂರದರ್ಶನ, ಕಂಪ್ಯೂಟರ್, ಮೊಬೈಲುಗಳಿಗೆ 2023ರ ಏಪ್ರಿಲ್ 1ರಿಂದ ಇ-ತ್ಯಾಜ್ಯದ ಹೊಸ ನಿಯಮಗಳು ಜಾರಿಯಲ್ಲಿವೆ. ಅವನ್ನು ನೋಂದಾಯಿತ ಸಂಗ್ರಹಕಾರರಿಗೇ ಒಪ್ಪಿಸುವುದು ಉಚಿತ.

ಈ ಕೆಲಸ ಗೃಹಿಣಿಯೊಬ್ಬಳ ಹೊಣೆಯಲ್ಲ. ಮನೆಯವರೆಲ್ಲರೂ ತಿಂಗಳಿಗೊಂದು ಭಾನುವಾರ ಒಂದು ಗಂಟೆ ಕೊಟ್ಟರೆ ಸಾಕು. ಮನೆ ಚಿಕ್ಕದಾದರೂ ಅದರಲ್ಲಿ ಏನಿದೆ, ಎಲ್ಲಿದೆ ಎಂಬುದು ಎಲ್ಲರಿಗೂ ತಿಳಿದಿದ್ದರೆ ಅದೇ ಸುರಕ್ಷಿತ ಮನೆ.